ಮೂರನೇ ಲೈನಿನ ಬೆಳಗಿನ ಮಾತು

ಸುಬ್ಬಲಕ್ಷ್ಮಮ್ಮನ ಕೈಗೆ ಮೈಕು ಬಂದದ್ದು ಅವಳ ಗಂಟಲಿನ ದೆಸೆಯಿಂದ. ಬೊಮ್ಮನಹಳ್ಳಿಯ ಒಳರಸ್ತೆಯಲ್ಲಿದ್ದ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮೂರನೇ ಲೈನಿನ ಅರವತ್ತು ಮಷೀನುಗಳು ಒಟ್ಟಿಗೆ ಓಡುತ್ತಿರುವಾಗಲೂ ಅವಳು "ಲೇ ಆಶಾ, ಬಂಡಲ್ ತಳ್ಳೇ ಈ ಕಡೆಗೆ" ಎಂದರೆ ಹೊಲಿಗೆ ಹಾಲ್‌ನ ಆ ತುದಿಯಲ್ಲಿ ಇಸ್ತ್ರಿ ಹಾಕುತ್ತಿದ್ದವರೂ ತಲೆಯೆತ್ತಿ ನೋಡುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ, ಶರಟಿಗೆ ಕಾಲರ್ ಕೂರಿಸುವುದು. ಆನೇಕಲ್ ಕಡೆಯ ಹಳ್ಳಿಯಿಂದ ಬೆಳಿಗ್ಗೆ ಏಳಕ್ಕೆ ಫ್ಯಾಕ್ಟರಿ ವ್ಯಾನು ಹತ್ತಿದರೆ ವಾಪಸು ಇಳಿಯುವಾಗ ಸಂಜೆ ಏಳಾಗಿರುತ್ತಿತ್ತು.

ಆ ವರ್ಷ ಎಚ್‌ಆರ್‌ಗೆ ರಕ್ಷಿತಾ ಎಂಬ ಹುಡುಗಿ ಬಂದಿದ್ದಳು. ದಾವಣಗೆರೆ ಕಡೆಯವಳು, ಹಣೆಯ ಮೇಲೆ ತೆಳ್ಳನೆಯ ವಿಭೂತಿ, ಬಾಯಿ ತೆರೆದರೆ ನಗು. ಯಾವುದೋ ಎರಡು ದಿನದ ಟ್ರೇನಿಂಗಿಗೆ ಹೋಗಿ ಬಂದವಳು ಒಂದು ಹೊಸ ವಿಷಯ ಕಲಿತುಕೊಂಡು ಬಂದಿದ್ದಳು. ದಿನಾ ಬೆಳಿಗ್ಗೆ ನಮ್ಮ ಬಗ್ಗೆ ನಾವೇ ನಾಲ್ಕು ಒಳ್ಳೆಯ ಮಾತು ಹೇಳಿಕೊಳ್ಳಬೇಕು, ಬಾಯಿಬಿಟ್ಟು ಹೇಳಬೇಕು, ಒಂದು ದಿನವೂ ತಪ್ಪಿಸಬಾರದು. ಹಲ್ಲುಜ್ಜಿದ ಹಾಗೆ ಅದೂ ಅಭ್ಯಾಸವಾಗಬೇಕು. ಮ್ಯಾನೇಜರ್ ಹರ್ಷವರ್ಧನ್ ಅವರು, "ಎರಡು ನಿಮಿಷದ ಮೇಲೆ ಒಂದು ಸೆಕೆಂಡೂ ಆಗ್ಬಾರ್ದು" ಎಂಬ ಷರತ್ತಿನ ಮೇಲೆ ಒಪ್ಪಿಕೊಂಡರು. ಓದುವವರು ಯಾರು ಎಂಬ ಪ್ರಶ್ನೆ ಬಂದಾಗ ಇಡೀ ಲೈನು ಒಂದೇ ಕಡೆಗೆ ಬೆರಳು ತೋರಿಸಿತು.

"ಅಯ್ಯೋ, ನಂಗೇನ್ ಬರ್ತದೆ ಬಿಡಿ ಮೇಡಂ" ಎಂದಳು ಸುಬ್ಬಲಕ್ಷ್ಮಮ್ಮ.

"ಎಂಟನೇ ಕ್ಲಾಸ್ ಓದಿದೀರ ಅಂತ ಫೈಲಲ್ಲಿ ಇದೆ ಅಕ್ಕ. ನಾಲ್ಕೇ ಸಾಲು" ಎಂದು ರಕ್ಷಿತಾ ಒಂದು ಹಾಳೆ ಕೈಗಿಟ್ಟಳು.

ಮೊದಲ ದಿನ ಬೆಳಿಗ್ಗೆ ಎಲ್ಲರೂ ಮಷೀನಿನ ಪಕ್ಕ ನಿಂತರು. ಸುಬ್ಬಲಕ್ಷ್ಮಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು:

"ನಾನು ಯಶಸ್ಸಿನ ಅಯಸ್ಕಾಂತವಾಗಿದ್ದೇನೆ."

ಪಕ್ಕದ ಮಷೀನಿನ ಆಶಾರಾಣಿ, ಪಿಸುಮಾತು ಎಂದುಕೊಂಡು ಎಲ್ಲರಿಗೂ ಕೇಳುವಂತೆ, "ಅಂದ್ರೆ ಇನ್ಮೇಲೆ ಸೂಜಿ ಮುರಿದ್ರೆ ಚೂರು ಹುಡುಕೋಕೆ ಮ್ಯಾಗ್ನೆಟ್ ಬೇಡ ಬಿಡಿ. ಸುಬ್ಬಕ್ಕನ್ನೇ ಒಂದ್ ಸಲ ನೆಲದ ಮೇಲೆ ಉಳ್ಳಾಡ್ಸಿದ್ರೆ ಆಯ್ತು" ಎಂದಳು.

ಲೈನಿಗೆ ಲೈನೇ ನಕ್ಕಿತು. ಎರಡನೆಯ ಸಾಲಿನಲ್ಲಿ ವಿಶ್ವವು ಸಮೃದ್ಧಿಯನ್ನು ಹರಿಸುತ್ತಿತ್ತು, ಮೂರನೆಯದರಲ್ಲಿ ಬೇಷರತ್ ಪ್ರೀತಿ ಇತ್ತು. ಅವನ್ನು ಅವಳು ಹೇಗೆ ಓದಿ ಮುಗಿಸಿದಳೋ ದೇವರಿಗೇ ಗೊತ್ತು. ಕೂತು ಪೆಡಲ್ ಒತ್ತುವಾಗಲೂ ಕಿವಿ ಬಿಸಿಯಾಗಿತ್ತು. ಎರಡನೆಯ ದಿನ ನಗು ಕಡಿಮೆಯಾಯಿತು. ಮೂರನೆಯ ದಿನ ನಗುವೂ ಇಲ್ಲ, ಮಾತೂ ಇಲ್ಲ. ಅರವತ್ತು ಜನ ಬಸ್ಸಿಗೆ ಕಾಯುವವರ ಹಾಗೆ ನಿಂತು ಮುಗಿಯುವುದನ್ನೇ ಕಾದರು.

ನಾಲ್ಕನೆಯ ದಿನ ಬೆಳಗಿನ ಟೀ ಹೊತ್ತಿಗೆ ಅವಳು ರಕ್ಷಿತಾಳ ಮೇಜಿನ ಮುಂದೆ ಹೋಗಿ ಹಾಳೆಯನ್ನು ಇಟ್ಟಳು. "ಬೇರೆ ಯಾರ್ಗಾದ್ರೂ ಕೊಡಿ ಮೇಡಂ. ಇಂಥದ್ದೆಲ್ಲ ನಂಗೇನ್ ಬರ್ತದೆ ಬಿಡಿ."

ರಕ್ಷಿತಾ ಕುರ್ಚಿ ತೋರಿಸಿದಳು. ಸುಬ್ಬಲಕ್ಷ್ಮಮ್ಮ ಕೂರಲಿಲ್ಲ.

"ಅಕ್ಕ, ನಿಜ ಹೇಳ್ತೀನಿ. ಅದನ್ನ ನಾನು ಇಂಗ್ಲಿಷಿಂದ ಫೋನಲ್ಲೇ ಟ್ರಾನ್ಸ್‌ಲೇಟ್ ಮಾಡಿದ್ದು. ಮೊನ್ನೆ ನೀವು ಓದೋವಾಗ ನಂಗೂ ನಗು ಬಂತು. ಅದನ್ನ ಬಿಟ್ಹಾಕಿ, ನಿಮಗೆ ಹೇಗೆ ಬೇಕೋ ಹಾಗೆ ಬರ್ಕೊಳ್ಳಿ."

"ಬರೆಯೋದು ನಂಗೇನ್ ಬರ್ತದೆ..."

"ನೋಡಿ, ಮತ್ತೆ!" ರಕ್ಷಿತಾ ನಕ್ಕಳು. "ಆ ಮಾತನ್ನ ದಿನಕ್ಕೆ ಎಷ್ಟು ಸಲ ಹೇಳ್ತೀರ ಅಂತ ಗೊತ್ತಾ ನಿಮಗೆ? ಒಂದಿನ ಲೆಕ್ಕ ಹಾಕಿ ನೋಡಿ, ಸುಮ್ನೆ ತಮಾಷೆಗೆ."

ಸುಬ್ಬಲಕ್ಷ್ಮಮ್ಮನಿಗೆ ಸ್ವಲ್ಪ ಸಿಟ್ಟೇ ಬಂತು. ಮಗಳ ವಯಸ್ಸಿನ ಹುಡುಗಿ, ತನ್ನ ಬಾಯಲ್ಲಿ ಬರುವ ಮಾತನ್ನು ಎಣಿಸುವುದಂತೆ! ಆದರೂ ವಾಪಸು ಬಂದು ಕೂತವಳು, ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದ ಚೂರನ್ನು ಮಷೀನಿನ ಮೂಲೆಯಲ್ಲಿ ಇಟ್ಟುಕೊಂಡಳು. ಈ ಹುಡುಗಿಯ ಮಾತು ಸುಳ್ಳೆಂದು ತೋರಿಸಿಯೇ ಬಿಡೋಣ ಎಂಬ ಹಟ.

ಬಾಬಿನ್ ದಾರ ಸಡಿಲವಾಗಿದೆ, ಹೇಗೆ ಸರಿಮಾಡುವುದು ಎಂದು ಹಿಂದಿನ ಸಾಲಿನವಳು ಕೇಳಿದಳು. "ನಂಗೇನ್ ಬರ್ತದೆ ಬಿಡೇ" ಎನ್ನುತ್ತಲೇ ಸುಬ್ಬಲಕ್ಷ್ಮಮ್ಮ ಎದ್ದು ಹೋಗಿ ಅರ್ಧ ನಿಮಿಷದಲ್ಲಿ ಸರಿಮಾಡಿ ಬಂದಳು. ಒಂದು ಗೆರೆ. ಚೆಕಿಂಗ್‌ನವಳು ಒಂದು ಬಂಡಲ್ ಎತ್ತಿ ಹಿಡಿದು, "ಅಕ್ಕಾ, ನಿಮ್ಮ ಕಾಲರ್ ಒಂದೂ ವಾಪಸ್ ಕಳಿಸೋ ಹಾಗಿಲ್ಲ" ಎಂದಳು. ಅದಕ್ಕೂ ಅದೇ ಉತ್ತರ, ಇನ್ನೊಂದು ಗೆರೆ. ಕ್ಯಾಂಟೀನಿನಲ್ಲಿ ಸಾರಿನ ಉಪ್ಪು ನೋಡಲು ಕರೆದರು, ಮೂರನೆಯ ಗೆರೆ. ಸಂಜೆ ಮಷೀನು ಆರಿಸುವಾಗ ಬಗ್ಗಿ ನೋಡಿದಳು. ಹದಿನಾಲ್ಕು ಗೆರೆ. ಅದರಲ್ಲಿ ಒಂದು ಕಡೆಯೂ, ನಿಜವಾಗಿ ಅವಳಿಗೆ ಬಾರದ ಕೆಲಸ ಇರಲಿಲ್ಲ.

ವ್ಯಾನಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಅದನ್ನೇ ಯೋಚಿಸಿದಳು. ಆ ಮಾತು ತನ್ನ ಬಾಯಿಗೆ ಬಂದದ್ದು ಎಲ್ಲಿಂದ? ಮೂರನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಮನೆಯ ಜಗುಲಿಗೆ ಬಂದು, "ನಿಮ್ಮ ಹುಡುಗಿ ಓದೋದ್ರಲ್ಲಿ ಚುರುಕು ಕಣಮ್ಮ" ಎಂದಿದ್ದರು. ಅಮ್ಮ ಗಾಬರಿಯಾಗಿ, "ಅವ್ಳಿಗೇನ್ ಬರ್ತದೆ ಬಿಡಿ ಸಾಮಿ" ಎಂದು, ಮೇಷ್ಟ್ರು ಅತ್ತ ಹೋದ ಕೂಡಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. ಹೊಗಳಿದರೆ ದೃಷ್ಟಿಯಾಗುತ್ತದೆ ಎಂಬ ಭಯ. ಅಮ್ಮ ಅದನ್ನು ಪ್ರೀತಿಯಿಂದಲೇ ಹೇಳಿದ್ದಳು. ಮಗಳು ಮಾತ್ರ ಅದನ್ನು ನಿಜವೆಂದು ನಂಬಿ, ನಲವತ್ತು ವರ್ಷ ದಿನಕ್ಕೆ ಹದಿನಾಲ್ಕು ಸಲ ಹೇಳಿಕೊಂಡು ಬಂದಿದ್ದಳು. ರಕ್ಷಿತಾ ಹೇಳುವ ಅಭ್ಯಾಸ ತನಗೆ ಹೊಸದೇನಲ್ಲ, ಮಾತೊಂದು ತಿರುಗುಮುರುಗಾಗಿದೆ ಅಷ್ಟೆ ಎನ್ನಿಸಿ, ಅವಳಿಗೆ ಒಬ್ಬಳೇ ನಗು ಬಂತು.

ಅವತ್ತು ಮುದ್ದೆ ತಿರುವುತ್ತ ಅವಳು ಗಂಡನನ್ನು ಕೇಳಿದಳು, "ರೀ, ನನ್ನ ಬಗ್ಗೆ ಸುಳ್ಳಲ್ಲದ ಒಂದು ಒಳ್ಳೆ ಮಾತು ಹೇಳ್ರಿ ನೋಡೋಣ."

ಶ್ರೀಧರ ಖಾಸಗಿ ಶಾಲೆಯೊಂದರ ಗೇಟು ಕಾಯುವವನು, ಮಾತು ಕಡಿಮೆ. ಬಹಳ ಹೊತ್ತು ಯೋಚಿಸಿ, "ನಿನ್ ಮುದ್ದೇಲಿ ಗಂಟಿರಲ್ಲ" ಎಂದ.

"ಅಷ್ಟೇನಾ?"

"ಅದೇನ್ ಕಮ್ಮಿ ಮಾತಾ? ನಮ್ ಅಕ್ಕನ ಮನೇಲಿ ಉಂಡು ನೋಡು, ಗೊತ್ತಾಯ್ತದೆ."

ಅವಳಿಗೆ ಸಮಾಧಾನವಾಯಿತು. ಹೌದಲ್ಲ, ಒಳ್ಳೆಯ ಮಾತು ಅಂದರೆ ಅಯಸ್ಕಾಂತವೇ ಆಗಬೇಕಿಲ್ಲ. ಕಣ್ಣಿಗೆ ಕಾಣುವಂಥದ್ದು, ಕೈಗೆ ಸಿಗುವಂಥದ್ದು ಆದರೆ ಬಾಯಿಗೂ ಸಲೀಸು. ಮಗಳ ಹಳೆಯ ನೋಟ್‌ಬುಕ್ಕಿನಿಂದ ಹಾಳೆ ಹರಿದು ನಾಲ್ಕು ಸಾಲು ಬರೆದಳು, ಎರಡು ಹೊಡೆದು ಹಾಕಿದಳು, ಮತ್ತೆ ಬರೆದಳು.

ಮರುದಿನ ಮೈಕು ಹಿಡಿದವಳು ಹಾಳೆ ನೋಡಲೇ ಇಲ್ಲ.

"ನನ್ನ ಕೈಗೆ ಕೆಲಸ ಗೊತ್ತು" ಎಂದಳು. "ಗೊತ್ತಿಲ್ಲದ್ದ ಕೇಳ್ತೀನಿ, ಕಲೀತೀನಿ. ನಿನ್ನೆ ತಪ್ಪಾಗಿದ್ದು ನಿನ್ನೆಗಾಯ್ತು. ಇವತ್ತಿನ ದಿನ ನಂದು."

ಹಿಂದಿನ ಸಾಲಿನಿಂದ ಯಾರೋ, "ಇನ್ನೊಂದ್ ಸಲ ಹೇಳಕ್ಕಾ" ಎಂದರು. ಅವಳು ಒಂದೊಂದೇ ಸಾಲು ಹೇಳಿದಳು, ಅವರು ಹಿಂದಿನಿಂದ ಹೇಳಿದರು. ಅರವತ್ತು ಗಂಟಲು ಒಟ್ಟಿಗೆ "ಇವತ್ತಿನ ದಿನ ನಂದು" ಎಂದಾಗ ಪಕ್ಕದ ಲೈನಿನವರು ಇತ್ತ ತಿರುಗಿ ನೋಡಿದರು. ಆಶಾರಾಣಿ ತಮಾಷೆಗೆ, "ಸಂಜೆ ಐದೂವರೆ ತನಕ ಕಂಪನೀದು, ಆಮೇಲೆ ನಂದು" ಎಂದಳು. ಆದರೂ ನಾಲ್ಕೂ ಸಾಲನ್ನು ಹೇಳಿಯೇ ಕೂತಳು.

ಹಾಗೆಂದು ಮರುದಿನದಿಂದ ಎಲ್ಲ ಬದಲಾಗಲಿಲ್ಲ. ಟಾರ್ಗೆಟ್ ಇದ್ದಷ್ಟೇ ಇತ್ತು, ಸಂಜೆಗೆ ಸೊಂಟ ನೋಯುವುದು ನೋಯುತ್ತಲೇ ಇತ್ತು, ಹೊಸೂರು ರಸ್ತೆಯಲ್ಲಿ ವ್ಯಾನು ನಿಲ್ಲುವ ಕಡೆ ನಿಲ್ಲುತ್ತಲೇ ಇತ್ತು. ಮೊದಲ ವಾರವಿಡೀ ಸುಬ್ಬಲಕ್ಷ್ಮಮ್ಮನಿಗೆ ಆ ಮಾತುಗಳು ಬೇರೆಯವರ ರವಿಕೆ ತೊಟ್ಟಂತೆ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಆದರೆ ಬಿಡಲಿಲ್ಲ. ಬೆಳಿಗ್ಗೆ ಬಚ್ಚಲ ಒಲೆಗೆ ಸೌದೆ ಒಟ್ಟುವಾಗ ಒಂದು ಸಲ, ಫ್ಯಾಕ್ಟರಿಯಲ್ಲಿ ಮೈಕಿನ ಮುಂದೆ ಒಂದು ಸಲ. ಭಾನುವಾರ ಫ್ಯಾಕ್ಟರಿ ಇಲ್ಲದಾಗ ಎಮ್ಮೆಯ ಮುಂದೆ ನಿಂತು ಹೇಳಿದಳು. ಎಮ್ಮೆ ಮೆಲುಕು ಹಾಕುತ್ತ ಕೇಳಿಸಿಕೊಂಡಿತು. ತಿಂಗಳು ಕಳೆಯುವಷ್ಟರಲ್ಲಿ ಮಾತು ಮೈಗೆ ಹೊಂದಿಕೊಂಡಿತು. ಹಳೆಯ ಮಾತು ಪೂರ್ತಿ ಹೋಗಲಿಲ್ಲ, ಆದರೆ ಅದು ಹೊರಬೀಳುವ ಮುಂಚೆ ಅವಳಿಗೇ ಕೇಳಿಸುತ್ತಿತ್ತು.

ವೇಣಿ ಅವಳ ಹತ್ತಿರ ಬಂದದ್ದು ಆಗ.

ವೇಣಿಗೆ ಮೂವತ್ತರ ಆಸುಪಾಸು. ನಾಲ್ಕು ವರ್ಷದಿಂದ ಅದೇ ಲೈನಿನಲ್ಲಿ ಹೆಲ್ಪರ್, ಹೊಲಿದ ಪೀಸುಗಳ ದಾರ ಕತ್ತರಿಸುವ ಕೆಲಸ. ಮಷೀನಿಗೆ ಕೂರಬೇಕೆಂಬ ಆಸೆ. ಎರಡು ಸಲ ಟ್ರಯಲ್ ಕೊಟ್ಟಿದ್ದಳು. ಎರಡು ಸಲವೂ ಹರ್ಷವರ್ಧನ್ ಅವರು ಸ್ಟಾಪ್‌ವಾಚ್ ಒತ್ತಿದ ಕೂಡಲೇ ಗಾಬರಿಯಾಗಿ ಹೊಲಿಗೆ ಹಾವಿನ ಹಾಗೆ ಹರಿದಿತ್ತು.

"ಅಕ್ಕ, ಊಟದ ಹೊತ್ತಲ್ಲಿ ಹತ್ತು ನಿಮಿಷ ಹೇಳ್ಕೊಡ್ತೀರಾ?"

ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಸುಬ್ಬಲಕ್ಷ್ಮಮ್ಮ ಅದನ್ನು ನುಂಗಿ, "ಬೇಗ ಉಣ್ಣು, ಬಾ" ಎಂದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಇಬ್ಬರೂ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಹಿಡಿದು ಕೂರುತ್ತಿದ್ದರು. ಹೇಳಿಕೊಡುವುದು ಸುಬ್ಬಲಕ್ಷ್ಮಮ್ಮ ಅಂದುಕೊಂಡಷ್ಟು ಸುಲಭವಿರಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ಬಾಯಿಗೆ ತರಬೇಕಿತ್ತು. "ಬಟ್ಟೇನ ಎಳೀಬೇಡ. ಅದೇ ಹೋಯ್ತದೆ, ನೀನು ದಾರಿ ತೋರ್ಸು ಸಾಕು. ಕಣ್ಣು ಸೂಜಿ ಮೇಲಿಡ್ಬೇಡ, ಮುಂದೆ ಅಂಚಿನ ಮೇಲಿಡು. ಕರುನ ಹಗ್ಗ ಹಿಡ್ಕಂಡು ಹೋಗ್ತೀವಲ್ಲ, ಅಂಗೆ." ಹೀಗೆ ಹೇಳುತ್ತ ಹೇಳುತ್ತ, ತಾನು ಹತ್ತೊಂಬತ್ತು ವರ್ಷದಿಂದ ಏನೆಲ್ಲ ಮಾಡುತ್ತಿದ್ದೆ ಎಂಬುದು ಅವಳಿಗೂ ಮೊದಲ ಸಲ ಗೊತ್ತಾಗುತ್ತಿತ್ತು.

ಒಂದು ದಿನ ವೇಣಿ ಪೆಡಲಿನಿಂದ ಕಾಲು ತೆಗೆದು ಅವಳ ಕಡೆ ತಿರುಗಿದಳು. "ಅಕ್ಕ, ಒಂದು ಮಾತು. ಬೆಳಿಗ್ಗೆ ಎಲ್ರೂ 'ನನ್ನ ಕೈಗೆ ಕೆಲಸ ಗೊತ್ತು' ಅಂತಾರೆ. ನನಗೆ ಮಾತ್ರ ಬಾಯೇ ಬರಲ್ಲ. ಗೊತ್ತೇ ಇಲ್ವಲ್ಲ. ಸುಳ್ಳು ಹೇಳ್ದಂಗೆ ಆಗುತ್ತೆ."

ಸುಬ್ಬಲಕ್ಷ್ಮಮ್ಮ ಇದನ್ನು ಯೋಚಿಸಿರಲಿಲ್ಲ. ವೇಣಿ ಹೊಲಿದ ಚೂರನ್ನು ಎತ್ತಿಕೊಂಡು ಅಂಚನ್ನು ಬೆರಳಲ್ಲಿ ಸವರಿದಳು.

"ಸುಳ್ಳು ಅನ್ಸಿದ್ರೆ ಹೇಳ್ಬೇಡ ಕಣವ್ವ. ಒಪ್ಪದ ಮಾತು ಹೊಟ್ಟೆಗೂ ಇಳಿಯಲ್ಲ. ನೀನು 'ನನ್ನ ಕೈ ಕಲೀತಾ ಅದೆ' ಅನ್ನು. ಅದು ನಿಜ ತಾನೆ? ಹೋದ ವಾರ ಈ ಅಂಚು ಹೆಂಗಿತ್ತು, ಇವತ್ತು ಹೆಂಗದೆ ನೋಡು."

ವೇಣಿ ಬಟ್ಟೆಯನ್ನು ತಿರುಗಿಸಿ ನೋಡಿದಳು. "ಅದು ನಿಜ" ಎಂದಳು ಮೆಲ್ಲಗೆ.

ಮರುದಿನದಿಂದ ಲೈನಿನ ಮಾತಿನ ನಡುವೆ ಒಂದು ಧ್ವನಿ ಸ್ವಲ್ಪ ಬೇರೆ ಮಾತನ್ನು ಹೇಳುತ್ತಿತ್ತು. ಅದನ್ನು ಕೇಳಿಸಿಕೊಂಡು ಇನ್ನೂ ಇಬ್ಬರು ಮೂವರು ತಮಗೆ ತಕ್ಕಂತೆ ಬದಲಿಸಿಕೊಂಡರು. ಒಬ್ಬಳು "ನನ್ನ ಮಗು ಹುಷಾರಾಗ್ತಾ ಇದೆ" ಎಂದು ಸೇರಿಸಿದಳು. ಆಶಾರಾಣಿ "ನನ್ನ ಬಾಯಿಗೆ ಬೀಗ ಇದೆ" ಎಂದಳು. ಅದು ಸುಳ್ಳೆಂದು ಇಡೀ ಲೈನು ಒಕ್ಕೊರಲಿನಿಂದ ತಳ್ಳಿಹಾಕಿತು.

ಟ್ರಯಲ್ ನಡೆದದ್ದು ಒಂದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಹರ್ಷವರ್ಧನ್ ಅವರು ಸ್ಟಾಪ್‌ವಾಚ್ ಹಿಡಿದು ನಿಂತರು, ಪಕ್ಕದಲ್ಲಿ ರಕ್ಷಿತಾ ಫೈಲು ಹಿಡಿದು ನಿಂತಳು. ಕೊಟ್ಟ ಹೊತ್ತಿನೊಳಗೆ ಹತ್ತು ಪೀಸು ಹೊಲಿಯಬೇಕು. ವೇಣಿಯ ತುಟಿ ಅಲ್ಲಾಡಿತು. ಏನು ಹೇಳಿಕೊಳ್ಳುತ್ತಿದ್ದಾಳೆಂದು ಸುಬ್ಬಲಕ್ಷ್ಮಮ್ಮನಿಗೆ ಮೂರು ಮಷೀನು ದೂರದಿಂದಲೇ ತಿಳಿಯಿತು. ಆರು ಪೀಸು ನೆಟ್ಟಗೆ ಬಂದವು. ಏಳನೆಯದರಲ್ಲಿ ದಾರ ತುಂಡಾಯಿತು.

ಸುಬ್ಬಲಕ್ಷ್ಮಮ್ಮನ ಕಾಲು ಪೆಡಲಿನ ಮೇಲೇ ನಿಂತುಬಿಟ್ಟಿತು. ವೇಣಿ ದಾರ ಪೋಣಿಸಲು ಹೋದಳು. ಒಂದು ಸಲ ತಪ್ಪಿತು. ಎರಡು ಸಲ ತಪ್ಪಿತು. ಆಮೇಲೆ ಅವಳು ಎರಡೂ ಕೈಯನ್ನು ತೊಡೆಯ ಮೇಲಿಟ್ಟು ಒಂದು ಉಸಿರು ತೆಗೆದುಕೊಂಡಳು. ಮೂರನೆಯ ಸಲ ದಾರ ಸೂಜಿಯ ಕಣ್ಣಿಗೆ ಇಳಿಯಿತು. ಹತ್ತೂ ಪೀಸು ಮುಗಿದಾಗ ಹೊತ್ತು ಮೀರಿ ಹೋಗಿತ್ತು.

"ಟೈಮ್ ಆಯ್ತಮ್ಮ" ಎಂದು ಹರ್ಷವರ್ಧನ್ ವಾಚ್ ಜೇಬಿಗಿಡಲು ಹೋದರು.

"ಸಾರ್" ಎಂದಳು ವೇಣಿ. ಧ್ವನಿ ಸಣ್ಣದಿತ್ತು, ಆದರೆ ನಡುಗುತ್ತಿರಲಿಲ್ಲ. "ದಾರ ತುಂಡಾಗಿದ್ದಕ್ಕೆ ಲೇಟಾಯ್ತು ಸಾರ್. ಹೊಲಿಗೆ ನೋಡಿ. ಇನ್ನೊಂದು ಸಲ ಕೊಡಿ, ಈಗ್ಲೇ ಮಾಡ್ತೀನಿ."

ಹಿಂದಿನ ಎರಡು ಸಲವೂ ಅವಳು ಅಳುತ್ತ ಬಾತ್‌ರೂಮಿಗೆ ಓಡಿದ್ದನ್ನು ಅವರು ನೋಡಿದ್ದರು. ಒಂದು ಪೀಸನ್ನು ಎತ್ತಿ ಬೆಳಕಿಗೆ ಹಿಡಿದರು, ಇನ್ನೊಂದನ್ನು ಎತ್ತಿದರು. ಹುಬ್ಬು ಮೇಲೇರಿತು. "ಸರಿ, ಕೂತ್ಕೋ" ಎಂದು ವಾಚ್ ಮತ್ತೆ ಒತ್ತಿದರು. ಈ ಸಲ ದಾರ ತುಂಡಾಗಲಿಲ್ಲ. ಹೊತ್ತಿಗೆ ಇನ್ನೂ ಎಂಟು ಸೆಕೆಂಡು ಇರುವಾಗಲೇ ಹತ್ತನೆಯ ಪೀಸು ಮೇಜಿನ ಮೇಲಿತ್ತು. ಆಶಾರಾಣಿ ಹೊಡೆದ ಸೀಟಿಗೆ ಲೈನಿನ ಸೂಪರ್‌ವೈಸರ್ ಎರಡು ಮಾತು ಬೈದರು. ಬೈಯುವಾಗ ಅವರೂ ನಗುತ್ತಿದ್ದರು.

"ಯಾರು ಕಲಿಸಿದ್ದು ಇದನ್ನ?" ಎಂದು ಹರ್ಷವರ್ಧನ್ ಕೇಳಿದರು. ವೇಣಿ ಬೆರಳು ತೋರಿಸಿದಳು.

ಸಂಜೆ ಸುಬ್ಬಲಕ್ಷ್ಮಮ್ಮನಿಗೆ ಮ್ಯಾನೇಜರ್ ರೂಮಿಗೆ ಕರೆ ಬಂತು. ಮೇಲಿನ ಮಹಡಿಯಲ್ಲಿ ಹೊಸಬರಿಗೆ ಕಲಿಸುವ ರೂಮು ಇತ್ತು. ಅಲ್ಲಿ ಕಲಿಸುತ್ತಿದ್ದವರು ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು. "ಈ ಕೆಲಸಕ್ಕೆ ನಿಮ್ಮನ್ನ ನಾಲ್ಕು ವರ್ಷದ ಹಿಂದೆಯೇ ಕೇಳಿದ್ವಿ. ನೆನಪಿದೆಯಾ, ಆಗೇನಂದ್ರಿ?" ಎಂದರು ಹರ್ಷವರ್ಧನ್.

ನೆನಪಿತ್ತು. ಏನೆಂದಿದ್ದಳೆಂದು ಬೇರೆ ಹೇಳಬೇಕಾಗಿರಲಿಲ್ಲ. ರಕ್ಷಿತಾ ಮೂಲೆಯಲ್ಲಿ ಕಂಪ್ಯೂಟರ್ ನೋಡುವಂತೆ ಕೂತಿದ್ದಳು, ಆದರೆ ಕಿವಿಯೆಲ್ಲ ಇಲ್ಲೇ ಇತ್ತು.

"ಮಾಡ್ತೀನಿ ಸಾರ್" ಎಂದಳು ಸುಬ್ಬಲಕ್ಷ್ಮಮ್ಮ. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. ಧೈರ್ಯ ಇದ್ದಾಗಲೇ ಮಿಕ್ಕದ್ದನ್ನೂ ಕೇಳಿಬಿಡೋಣವೆಂದು, "ಆದ್ರೆ ಎರಡು ಮಾತು. ಆ ರೂಮಲ್ಲಿ ಒಂದೇ ಫ್ಯಾನ್ ಅದೆ, ಬೇಸಿಗೇಲಿ ಹೊಸಬ್ರಿಗೆ ತಲೆ ಸುತ್ತು ಬರ್ತದೆ, ಇನ್ನೆರಡು ಹಾಕಿಸ್ಬೇಕು. ಇನ್ನೊಂದು, ಮೊದಲನೇ ವಾರ ಅವರ ಮುಂದೆ ಯಾರೂ ವಾಚ್ ಹಿಡಿಬಾರ್ದು" ಎಂದಳು.

ಹರ್ಷವರ್ಧನ್ ಗಲ್ಲ ಕೆರೆದುಕೊಂಡರು. "ಫ್ಯಾನ್ ನಾಳೆನೇ ಹಾಕಿಸ್ತೀನಿ. ವಾಚ್... ಸರಿ, ಒಂದು ವಾರ."

ಮನೆಯಲ್ಲಿ ಸುದ್ದಿ ಕೇಳಿ ಶ್ರೀಧರ, "ಟೀಚರಮ್ಮ ಆದೆ ಅನ್ನು" ಎಂದ. ಅವತ್ತು ಅವನೇ ಅಂಗಡಿಗೆ ಹೋಗಿ ಮೈಸೂರುಪಾಕ್ ಕಟ್ಟಿಸಿಕೊಂಡು ಬಂದ. ಅಕ್ಕಪಕ್ಕದ ಮನೆಯವರಿಗೆ ಹಂಚುವಾಗ ಕಾರಣವನ್ನೂ ತಾನೇ ಹೇಳಿದ. ಅವನು ಒಂದೇ ದಿನ ಅಷ್ಟೊಂದು ಮಾತಾಡಿದ್ದನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಕೆಳಗಿನ ಮೈಕನ್ನು ಸುಬ್ಬಲಕ್ಷ್ಮಮ್ಮ ಆಶಾರಾಣಿಗೆ ಒಪ್ಪಿಸಿದಳು. ಅವಳು ಮೊದಲ ದಿನವೇ ಐದನೆಯ ಸಾಲೊಂದನ್ನು ಸೇರಿಸಿದಳಂತೆ, ಅದಕ್ಕೆ ಇಡೀ ಲೈನು ಕೂಗಿ ನಕ್ಕಿತಂತೆ. ಏನೆಂದು ಕೇಳಿದರೆ ಯಾರೂ ಹೇಳುವುದಿಲ್ಲ.

ಮೇಲಿನ ರೂಮಿಗೆ ಆರು ಜನ ಹೊಸಬರು ಬಂದರು. ಇಬ್ಬರು ಬಿಹಾರದ ಹುಡುಗಿಯರು, ಕನ್ನಡ ಬಾರದು. ಒಬ್ಬಳು ಹೊಂಗಸಂದ್ರದವಳು, ಮದುವೆಗೆ ಮುಂಚೆ ಮನೆಯಲ್ಲಿ ಹೊಲಿದು ಅಭ್ಯಾಸವಿದ್ದವಳು. ಉಳಿದ ಮೂವರು ಮಷೀನು ಮುಟ್ಟಿದವರೇ ಅಲ್ಲ. ಸುಬ್ಬಲಕ್ಷ್ಮಮ್ಮ ಅವರಿಗೆ ಯಾವ ಸಾಲನ್ನೂ ಬಾಯಿಪಾಠ ಮಾಡಿಸಲಿಲ್ಲ. "ದಿನಾ ಬೆಳಿಗ್ಗೆ ಮಷೀನ್ ಒರೆಸೋವಾಗ ನಿಮ್ಮ ಬಗ್ಗೆ ನೀವೇ ಒಂದು ಒಳ್ಳೆ ಮಾತು ಹೇಳ್ಕೊಳ್ಳಿ. ನಿಜ ಇರೋ ಮಾತು. ಯಾವ ಭಾಷೇಲಾದ್ರೂ ಸರಿ, ನನಗೆ ಕೇಳಿಸ್ಬೇಕು ಅಂತೇನಿಲ್ಲ" ಎಂದಳು. ಬಿಹಾರದ ಹುಡುಗಿಯರಿಗೆ ಹೊಂಗಸಂದ್ರದವಳು ತನಗೆ ಬಂದ ಹಿಂದಿಯಲ್ಲಿ ಅದನ್ನು ತಿಳಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆಮೇಲೆ ತಲೆ ತಗ್ಗಿಸಿ ಮಷೀನು ಒರೆಸುತ್ತ ಏನೋ ಗೊಣಗಿಕೊಂಡರು.

ಆ ಬೆಳಿಗ್ಗೆ ಆರು ಜನರ ಹೊಲಿಗೆಯೂ ಸೊಟ್ಟಗಿತ್ತು. ಒಬ್ಬಳದಂತೂ ಬಟ್ಟೆ ಬಿಟ್ಟು ಆಚೆಗೇ ಹೋಗಿತ್ತು. ಅವಳು ಬೈಗುಳಕ್ಕೆ ಕಾಯುತ್ತ ಭುಜ ಕುಗ್ಗಿಸಿ ಕೂತಿದ್ದಳು. ಸುಬ್ಬಲಕ್ಷ್ಮಮ್ಮ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಹೊಲಿಗೆಯನ್ನು ಬಿಚ್ಚಿ, ಅದೇ ಬಟ್ಟೆಯನ್ನು ಮತ್ತೆ ಸೂಜಿಯ ಕೆಳಗೆ ಇಟ್ಟಳು.

"ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಅದೆ" ಎಂದಳು. "ನಿಧಾನಕ್ಕೆ ಒತ್ತು, ನಾನು ನೋಡ್ತಾ ಇರ್ತೀನಿ."